ಬಿಟ್ಟುಬಿಡಿ

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಹಬ್ಬಕ್ಕೆಂದು ಅವ್ವ ಗದಗ ಹತ್ತಿರದ ನಮ್ಮೂರಿನಿಂದ ಪುಣೆಗೆ ಬಂದಿದ್ದಳು. ನಮ್ಮ ಬಿಲ್ಡಿಂಗಿನ ಬಾಲ್ಕನಿಗಳಲ್ಲೆಲ್ಲ ಗುಡಿ ಏರಿಸಿದ್ದರು; ನಮ್ಮನೆಯಲ್ಲಿ ಅವ್ವ ಬೇವು-ಬೆಲ್ಲ ಕೈಗಿಟ್ಟು, ಹೋಳಿಗೆಗೆ ಹೂರಣ ರುಬ್ಬಿ, ಮಧ್ಯಾಹ್ನ ನಿದ್ದೆ ಹೋಗಿದ್ದಳು. ಮರುದಿನ ಸೋಮವಾರ ರಾತ್ರಿ ಅವಳು ಮಲಗಿದ ಮೇಲೆ ಅವಳ ಫೋನನ್ನು ಚಾರ್ಜಿಗೆ ಹಾಕಿ, ವೈಫೈಗೆ ಸೇರಿಸಿ, ನಾನೊಂದು ಅಪ್‌ಡೇಟ್‌ಗೆ ಕಾಯುತ್ತ ಕೂತೆ.

ಕಾಯುತ್ತಿದ್ದದ್ದು ಐಒಎಸ್ 18.4ಕ್ಕೆ. ಆ್ಯಪಲ್‌ನವರ ಅಪ್‌ಡೇಟ್‌ಗಳು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಾದಾಗ ಬರುತ್ತವೆ, ಅಂದರೆ ನಮಗೆ ರಾತ್ರಿ. ಅಂದಿನ ಅಪ್‌ಡೇಟ್‌ನಲ್ಲಿ ಏನೇನೋ ಇತ್ತು. ಹೊಸ ಇಮೋಜಿ ಇತ್ತು, ಅವರ ಕೃತಕ ಬುದ್ಧಿಮತ್ತೆ ಭಾರತೀಯ ಇಂಗ್ಲಿಷಿಗೆ ಬಂದಿತ್ತು. ಸುದ್ದಿಯಾದದ್ದು ಅದು. ನನಗೆ ಬೇಕಿದ್ದದ್ದು ಪಟ್ಟಿಯ ಕೊನೆಗಿದ್ದ ಒಂದು ಸಾಲು: ಬಾಂಗ್ಲಾ, ಗುಜರಾತಿ, ಕನ್ನಡ, ಮಲಯಾಳಂ, ಮರಾಠಿ, ಒಡಿಯಾ, ಪಂಜಾಬಿ, ತಮಿಳು, ತೆಲುಗು, ಉರ್ದು, ಈ ಹತ್ತು ಭಾಷೆಗಳಲ್ಲಿ ಇನ್ನು ಇಡೀ ಫೋನು ನಡೆಯುತ್ತದೆ. ಐಪ್ಯಾಡ್‌ನಲ್ಲೂ ಹಾಗೆಯೇ.

ನಾನು ಅನುವಾದಕಿ. ಕಾದಂಬರಿ, ಕವಿತೆಗಳ ಅನುವಾದಕಿಯಲ್ಲ. ಬಾಡಿಗೆ ಕಟ್ಟುವ ಅನುವಾದ ನನ್ನದು: ಆ್ಯಪ್‌ಗಳು, ವಾಷಿಂಗ್ ಮಷೀನಿನ ಕೈಪಿಡಿ, ವಿಮೆಯ ಷರತ್ತು, ‘ನಿಮ್ಮ ಆರ್ಡರ್ ಹೊರಟಿದೆ’ ಎನ್ನುವ ಸಂದೇಶ. ಭಾಷಾವಿಜ್ಞಾನದಲ್ಲಿ ಎಂಎ ಮಾಡಿ ಈ ಕೆಲಸಕ್ಕೆ ಬಂದು ಹತ್ತು ವರ್ಷವಾಯಿತು. ಹಾಗಾಗಿ ಆ ಒಂದು ಸಾಲು ನನ್ನ ಪಾಲಿಗೆ ಹಬ್ಬದ ಎರಡನೇ ದಿನ. ಹನ್ನೆರಡರ ಹೊತ್ತಿಗೆ ಅಪ್‌ಡೇಟ್ ಮುಗಿಯಿತು. ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಯನ್ನು ಕನ್ನಡ ಮಾಡಿದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಬೆಳಿಗ್ಗೆ ಅವ್ವ ನೋಡಿ ಏನನ್ನುತ್ತಾಳೋ ಎಂದುಕೊಂಡು ಮಲಗಿದೆ.

*

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಫೋನಿನಲ್ಲಿ ಕನ್ನಡ ‘ಇದೆ’ ಎನ್ನುವ ಮಾತಿಗೆ ಮೂರು ಅರ್ಥಗಳಿವೆ. ಒಂದು, ಕನ್ನಡದಲ್ಲಿ ಬಂದದ್ದು ಚೌಕ ಚೌಕ ಡಬ್ಬಿಗಳಾಗದೆ ಅಕ್ಷರಗಳಾಗಿ ಕಾಣುವುದು. ಎರಡು, ಕನ್ನಡದಲ್ಲಿ ಟೈಪ್ ಮಾಡಲು ಆಗುವುದು. ಮೂರು, ಫೋನೇ ಕನ್ನಡದಲ್ಲಿ ಮಾತಾಡುವುದು: ಮೆನು, ಬಟನ್, ಎಚ್ಚರಿಕೆ, ಪ್ರಶ್ನೆ, ಎಲ್ಲ.

ಆಂಡ್ರಾಯ್ಡ್‌ನಲ್ಲಿ ಮೊದಲನೆಯದು 2012ರ 4.1ನೇ ಆವೃತ್ತಿಯಲ್ಲಿ ಬಂತು. ಆ ಡಬ್ಬಿಗಳ ಕಾಲ ನೆನಪಿರುವವರು ನಿಮ್ಮಲ್ಲಿ ಅನೇಕರಿರಬೇಕು. ನಮ್ಮ ಹಾಸ್ಟೆಲಿನಲ್ಲಿ ಕನ್ನಡ ಮೆಸೇಜು ಬಂದರೆ ಯಾರ ಫೋನಿನಲ್ಲಿ ಕಾಣುತ್ತದೆಂದು ಹುಡುಕಿಕೊಂಡು ಹೋಗುತ್ತಿದ್ದೆವು. ಮೂರನೆಯದು, ಅಂದರೆ ಇಡೀ ಫೋನು ಕನ್ನಡವಾಗುವುದು, 2014ರ 5.0ರಲ್ಲಿ ಬಂತು. ಐಫೋನ್ ತಡ. ಅಲ್ಲಿ ಕನ್ನಡ ಓದಲು ಮೊದಲೇ ಆಗುತ್ತಿತ್ತು. ಕನ್ನಡದ ಕೀಲಿಮಣೆ ಬಂದದ್ದು 2017ರ ಸೆಪ್ಟೆಂಬರಿನ ಐಒಎಸ್ 11ರಲ್ಲಿ. 2024ರ ಐಒಎಸ್ 18ರಲ್ಲಿ ಲಾಕ್ ಸ್ಕ್ರೀನಿನ ಗಡಿಯಾರಕ್ಕೆ ಕನ್ನಡ ಅಂಕಿ ಹಾಕಿಕೊಳ್ಳುವ ಅವಕಾಶ ಬಂತು. ಅದೇ ವರ್ಷ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ನಮ್ಮ ಲಿಪಿಗೆ ತಿರುಗಿಸುವ ಬಹುಭಾಷಾ ಕೀಲಿಮಣೆಯೂ ಬಂತು. ಹಿಂದಿ, ಮರಾಠಿ, ತಮಿಳು, ತೆಲುಗು ಇದ್ದ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕಡೆಗೆ 2025ರ ಈ ಅಪ್‌ಡೇಟ್. ಆಂಡ್ರಾಯ್ಡ್‌ಗಿಂತ ಹತ್ತು ವರ್ಷ ಹಿಂದೆ.

ಆದರೆ ಆ ಹತ್ತು ವರ್ಷದ ತಡಕ್ಕೆ ಯಾರನ್ನಾದರೂ ಬೈಯುವ ಮುಂಚೆ ಒಂದು ಮಾತು ಒಪ್ಪಿಕೊಳ್ಳಬೇಕು. ಅಷ್ಟೂ ವರ್ಷ ನಾನು ಬಳಸಿದ ಫೋನುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡಕ್ಕೆ ಆ್ಯಪ್‌ಗಳನ್ನು ತಂದು ಹೊಟ್ಟೆ ಹೊರೆಯುವ ನನ್ನ ಗೆಳತಿಯರದ್ದೂ ಅಷ್ಟೇ. ಒಮ್ಮೆ ಉತ್ಸಾಹಕ್ಕೆ ಬದಲಾಯಿಸುತ್ತೇವೆ, ಒಂದು ತಾಸು ನಗುತ್ತೇವೆ, ವಾಪಸು ಬರುತ್ತೇವೆ.

ಇನ್ನು ಅವ್ವನ ಫೋನು. ನಾನು ಹೊಸದು ಕೊಂಡಾಗ ನನ್ನ ಹಳೆಯ ಐಫೋನ್ ಎಸ್‌ಇಯನ್ನು ಅವಳಿಗೆ ಕೊಟ್ಟು ಮೂರು ವರ್ಷವಾಗಿತ್ತು. ಅಪ್ಪ ಹೋದ ಮೇಲೆ ಅವಳು ಊರಲ್ಲಿ ಒಬ್ಬಳೇ. ಮುಖ ನೋಡಿ ಮಾತಾಡಲು ಫೋನು ಬೇಕಿತ್ತು. ಅವ್ವ ಏಳನೇ ಇಯತ್ತೆವರೆಗೆ ಓದಿದವಳು. ಕನ್ನಡ ಪೇಪರನ್ನು ಮೊದಲಿನಿಂದ ಕೊನೆತನಕ ಓದುತ್ತಾಳೆ. ಇಂಗ್ಲಿಷ್ ಬಾರದು. ಕನ್ನಡವಿರುವ ಆಂಡ್ರಾಯ್ಡ್ ಫೋನು ಕೊಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಆಗ ಯೋಚಿಸಿದ್ದೆ. ‘ಇಂಗ್ಲಿಷಲ್ಲೇ ಇರಲಿ, ಏನಾದರೂ ಕೆಟ್ಟರೆ ಪಕ್ಕದ ಮನೆ ಹುಡುಗನೋ ರೀಚಾರ್ಜ್ ಅಂಗಡಿಯವನೋ ಸರಿಮಾಡಿ ಕೊಡುತ್ತಾರೆ, ನಾನೂ ಇಲ್ಲಿಂದಲೇ ಅದು ಒತ್ತು ಇದು ಒತ್ತು ಎಂದು ಹೇಳಬಹುದು’ ಎಂದುಕೊಂಡಿದ್ದೆ. ಅಂದರೆ ಆ ಫೋನಿನ ಭಾಷೆ ಆಯ್ದದ್ದು ಅದನ್ನು ದಿನಾ ಬಳಸುವವಳಿಗಾಗಿ ಅಲ್ಲ, ತಿಂಗಳಿಗೊಮ್ಮೆ ರಿಪೇರಿ ಮಾಡುವ ನಮಗಾಗಿ. ಇದು ನನಗೆ ಹೊಳೆದದ್ದು ತೀರ ಈಚೆಗೆ.

*

ಮಂಗಳವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಅವ್ವನ ಗಾಬರಿ.

“ನೋಡವಾ, ಇದಕ್ಕೇನೋ ಆಗೈತಿ. ನಾ ಏನೂ ಮಾಡಿಲ್ಲ.”

ಫೋನನ್ನು ಬಿಸಿ ತಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಏನೂ ಆಗಿಲ್ಲ, ಕನ್ನಡ ಬಂದಿದೆ ಎಂದೆ. ಅವಳಿಗೆ ಖುಷಿಯಾಗಲಿಲ್ಲ. “ಮೊದಲಿನಂಗ ಮಾಡಿಕೊಡು, ಇದರಾಗ ನನಗ ಒಂದೂ ಸಿಗವಲ್ದು” ಎಂದಳು.

ಮೂರು ವರ್ಷ ಅವಳು ಆ ಫೋನನ್ನು ಓದಿಯೇ ಇರಲಿಲ್ಲ. ಆಕಾರದ ಗುರುತಿನ ಮೇಲೆ ನಡೆಸಿದ್ದಳು. ‘ಗಿಡ್ಡ ಪದ ಮೇಲೆ, ಉದ್ದ ಪದ ಕೆಳಗೆ’, ‘ಮೂರನೇದು’, ‘ಕೆಂಪು ಬರೆದದ್ದು ಒತ್ತಬಾರದು’, ಹೀಗೆ. ಹಳ್ಳಿಯಲ್ಲಿ ಕತ್ತಲಲ್ಲೂ ಹಿತ್ತಲಿಗೆ ಹೋಗಿಬರುವವರಿಗೆ ಮೆಟ್ಟಿಲು ಎಣಿಕೆ ಇರುತ್ತದಲ್ಲ, ಆ ತರಹದ ತಿಳಿವಳಿಕೆ. ನಾನು ರಾತ್ರೋರಾತ್ರಿ ಮೆಟ್ಟಿಲು ಬದಲಾಯಿಸಿದ್ದೆ.

ಲಾಕ್ ಸ್ಕ್ರೀನಿನ ಅಂಕಿಯನ್ನೂ ಕನ್ನಡ ಮಾಡಿದ್ದೆ. ಅದೊಂದು ಅವಳಿಗೆ ಮೆಚ್ಚಿಗೆಯಾಯಿತು. “ಆರೂ ಹತ್ತು” ಎಂದು ಓದಿ, “ಮೈಲಗಲ್ಲಿನ್ಯಾಗಿನ ಅಂಕಿ” ಎಂದಳು. ಎರಡು ದಿನ ನೋಡು, ಆಗದಿದ್ದರೆ ಹಳೆಯದಕ್ಕೆ ಹಾಕಿಕೊಡುತ್ತೇನೆ ಎಂದು ಒಪ್ಪಿಸಿದೆ.

ಅವ್ವ ಹಟದವಳು. ಅವತ್ತು ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಸೋಫಾದಲ್ಲಿ ಕೂತು ಫೋನನ್ನು ಪೇಪರ್ ಓದಿದಂತೆ ಓದತೊಡಗಿದಳು, ಗಟ್ಟಿಯಾಗಿ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ. ನಾನು ಪಕ್ಕದ ಕೋಣೆಯಲ್ಲಿ ಕೆಲಸ ಮಾಡುತ್ತ ಕೇಳುತ್ತಿದ್ದೆ. ಬ್ಯಾಟರಿಯ ಪುಟ ಓದಿದಳು. ಫೋಟೋಗಳ ಪುಟ ಓದಿದಳು. ನಡುವೆ ಪರದೆಯ ಮೇಲೊಂದು ಪೆಟ್ಟಿಗೆ ಎದ್ದು ಬಂತು: ಒಂದು ಆ್ಯಪ್ ನೀವು ಬಳಸದಿರುವಾಗಲೂ ನೀವೆಲ್ಲಿದ್ದೀರಿ ಎಂದು ನೋಡುತ್ತಿದೆ, ಹೀಗೇ ಮುಂದುವರಿಯಲೇ ಎನ್ನುವ ಅರ್ಥದ್ದು. ಅಂಥದ್ದು ಐಫೋನಿನಲ್ಲಿ ಆಗಾಗ ಬರುತ್ತದೆ. ನಾವು ನೋಡದೇ ಒತ್ತಿಬಿಡುತ್ತೇವೆ.

ಅವ್ವ ಓದುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತಳು.

“ಇಂಥಾದು ಮೊದಲೂ ಬರತಿತ್ತು. ಇಂಗ್ಲೀಷಿನ್ಯಾಗ. ಅದು ಇದನ್ನ ಕೇಳತಿತ್ತೇನು?”

ಹೌದು ಎಂದೆ.

“ನಾ ಇಷ್ಟ ದಿನ ಇದಕ್ಕೆಲ್ಲ ಹೂಂ ಅನಕೋತ ಬಂದೀನೇನು?”

ನನಗೆ ಉತ್ತರ ತೋಚಲಿಲ್ಲ. ನೀಲಿ ಬಣ್ಣದ್ದು ಒತ್ತು, ಹೋಗುತ್ತದೆ ಎಂದು ಅವಳಿಗೆ ಕಲಿಸಿಕೊಟ್ಟವಳು ನಾನೇ. ಅವತ್ತು ಸಂಜೆ ಇಬ್ಬರೂ ಕೂತು ಒಂದೊಂದೇ ಆ್ಯಪ್ ತೆರೆದು, ಯಾವುದಕ್ಕೆ ಅವಳ ಜಾಗ ತಿಳಿಯಬೇಕು, ಯಾವುದಕ್ಕೆ ಕ್ಯಾಮೆರಾ, ಯಾವುದಕ್ಕೆ ಮೈಕು ಎಂದು ನೋಡಿದೆವು. ಅವಳೇ ಓದುತ್ತಿದ್ದಳು, ಅವಳೇ ತೀರ್ಮಾನ ಮಾಡುತ್ತಿದ್ದಳು. ರೀಚಾರ್ಜ್ ಅಂಗಡಿಯ ಹುಡುಗ ಹಾಕಿಕೊಟ್ಟಿದ್ದ ಎರಡು ಆ್ಯಪ್‌ಗಳನ್ನು ತೆಗೆದಳು. ಭಾಷೆಯ ಅಭಿಮಾನದ ಬಗ್ಗೆ ನಾನು ಕೇಳಿದ ಭಾಷಣಗಳಲ್ಲೆಲ್ಲೂ ಈ ಸಂಗತಿ ಬಂದಿರಲಿಲ್ಲ: ತನ್ನ ಫೋನನ್ನು ಇನ್ನೊಬ್ಬರ ಕೈಗೆ ಕೊಡದೇ, ತನ್ನ ವಿಷಯವನ್ನು ತಾನೇ ಓದಿ, ಒಲ್ಲೆ ಎನ್ನಲು ಒಬ್ಬ ಹೆಣ್ಣುಮಗಳಿಗೆ ಆಗುವುದು.

ಅವತ್ತು ರಾತ್ರಿ ನಾನು ಬಹಳ ಸಂತೋಷದಿಂದ ಮಲಗಿದೆ. ಅಷ್ಟರಲ್ಲಾಗಲೇ ಒಂದು ದಿನದ ಗುಳಿಗೆ ತಪ್ಪಿತ್ತು. ನನಗೆ ಗೊತ್ತಿರಲಿಲ್ಲ.

*

ಅವ್ವನಿಗೆ ಬಿಪಿ ಇದೆ. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಗುಳಿಗೆ. ಮರೆಯಬಾರದೆಂದು ಅವಳ ಫೋನಿನಲ್ಲಿ ಗುಳಿಗೆ ನೆನಪಿಸುವ ಒಂದು ಆ್ಯಪ್ ಹಾಕಿಕೊಟ್ಟಿದ್ದೆ. ಅದರ ಹೆಸರು ಬೇಡ. ಆ ಆ್ಯಪ್ ನನಗೆ ಗೊತ್ತಾದದ್ದೇ ಕೆಲಸದ ಮೂಲಕ: ಅದರ ಕನ್ನಡ ನಾನು ಮಾಡಿದ್ದು. 2021ರಲ್ಲಿ ಒಂದು ಏಜೆನ್ಸಿ ಕಳಿಸಿದ್ದ ಕಡತ. ಅವ್ವನ ಫೋನು ಇಂಗ್ಲಿಷಿನಲ್ಲಿದ್ದುದರಿಂದ ಆ್ಯಪ್ ಕೂಡ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ನನ್ನ ಕನ್ನಡ ಪರದೆಯ ಮೇಲೆ ಹೇಗೆ ಕಾಣುತ್ತದೆಂದು ನಾನು ಒಮ್ಮೆಯೂ ನೋಡಿರಲಿಲ್ಲ. ನಮ್ಮ ವೃತ್ತಿಯಲ್ಲಿ ಇದು ಮಾಮೂಲು. ಇಟ್ಟಿಗೆ ಸುಟ್ಟುಕೊಟ್ಟವರು ಮನೆ ನೋಡಲು ಹೋಗುವುದಿಲ್ಲ.

ಇಡೀ ಫೋನು ಕನ್ನಡವಾದಾಗ, ಕನ್ನಡ ಇರುವ ಆ್ಯಪ್‌ಗಳೆಲ್ಲ ತಾವಾಗಿಯೇ ಕನ್ನಡಕ್ಕೆ ತಿರುಗುತ್ತವೆ. ಹಾಗೆ ಮಂಗಳವಾರ ಬೆಳಿಗ್ಗೆ ಆ ಆ್ಯಪ್ ಅವ್ವನ ಜೊತೆ ನನ್ನ ಕನ್ನಡದಲ್ಲಿ ಮಾತಾಡಿತು.

ಗುರುವಾರ ಸಂಜೆ ಅವ್ವ “ತಲಿ ಭಾರ ಆಗೈತಿ” ಎಂದಳು. ಬಿಸಿಲಿಗೆ ಇರಬೇಕೆಂದೆ. ನೀರು ಕೊಡುವಾಗ ಟೇಬಲ್ ಮೇಲಿದ್ದ ಗುಳಿಗೆಯ ಪಟ್ಟಿ ಕಣ್ಣಿಗೆ ಬಿತ್ತು. ಹತ್ತು ಗುಳಿಗೆಯ ಪಟ್ಟಿ. ಯುಗಾದಿಯ ದಿನ ಬೆಳಿಗ್ಗೆ ನಾನೇ ಹೊಸದನ್ನು ತೆರೆದು ಕೊಟ್ಟಿದ್ದೆ. ಭಾನುವಾರದಿಂದ ಗುರುವಾರಕ್ಕೆ ಐದು. ಉಳಿದಿರಬೇಕಾದದ್ದು ಐದು. ಎಂಟಿದ್ದವು.

“ಅವ್ವಾ, ಗುಳಿಗೆ ನುಂಗಿಲ್ಲೇನು?”

“ಇಲ್ಲ. ಬಿಡು ಅಂತಲ್ಲ.”

“ಯಾರು?”

“ಯಾರಂದ್ರ? ಫೋನಿನ್ಯಾಗ ಬಂತಲ್ಲ. ನೀನ ಡಾಕ್ಟರಿಗೆ ಕೇಳಿ ಹಾಕಿಸಿರಬೇಕ ಅನಕೊಂಡೆ.”

ಫೋನು ತಂದು ತೋರಿಸು ಎಂದೆ. ಆ್ಯಪ್ ತೆರೆದಳು. ಎಂಟು ಗಂಟೆಗೆ ನೆನಪಿನ ಗಂಟೆ ಹೊಡೆಯುತ್ತದೆ. ಆ ಹೊತ್ತಿಗೆ ಅವ್ವ ಸ್ನಾನ, ಪೂಜೆಯಲ್ಲಿರುತ್ತಾಳೆ. ಅವಳು ಫೋನು ಕೈಗೆತ್ತಿಕೊಳ್ಳುವುದು ಒಂಬತ್ತಕ್ಕೆ. ಅಷ್ಟರಲ್ಲಿ ಆ್ಯಪ್ ಬೇರೊಂದು ಪರದೆ ತೋರಿಸುತ್ತದೆ. ಮೂರು ವರ್ಷ ಅವಳು ಆ ಪರದೆಯಲ್ಲಿ ಹಸಿರು ಬಟನ್ ಒತ್ತಿ, ಗುಳಿಗೆ ನುಂಗಿ, ಮುಂದಿನ ಕೆಲಸಕ್ಕೆ ಹೋಗಿದ್ದಳು. ಈಗ ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಹೀಗಿತ್ತು:

ಈ ಡೋಸ್‌ನ ಸಮಯ ಮೀರಿದೆ
ಬಿಟ್ಟುಬಿಡಿ

ಎರಡನೇ ಸಾಲು ಒಂದು ಬಟನ್. ‘ಸ್ಕಿಪ್’ ಎಂಬ ಇಂಗ್ಲಿಷ್ ಬಟನ್ನಿಗೆ ನಾನು ಮಾಡಿದ್ದ ಕನ್ನಡ. ಅದರ ಕೆಳಗೆ ‘ಈಗ ತೆಗೆದುಕೊಳ್ಳಿ’ ಎಂಬ ಹಸಿರು ಬಟನ್ ಇದ್ದೇ ಇತ್ತು. ಆದರೆ ಅವ್ವನ ಕಣ್ಣಿಗೆ ಅನುಕೂಲವಾಗಲೆಂದು ಅಕ್ಷರ ದೊಡ್ಡದು ಮಾಡಿದ್ದೆ. ಇಂಗ್ಲಿಷಿನಲ್ಲಿ ಒಂದೇ ಸಾಲಾಗಿದ್ದದ್ದು ಕನ್ನಡದಲ್ಲಿ ಎರಡು ಸಾಲಾಗಿ, ಹಸಿರು ಬಟನ್ ಪರದೆಯಿಂದ ಕೆಳಗೆ ಜಾರಿತ್ತು. ಅವಳಿಗೆ ಕಂಡದ್ದು ಒಂದು ಪೂರ್ತಿ ವಾಕ್ಯ. ಹೊತ್ತು ಮೀರಿದೆ, ಬಿಟ್ಟುಬಿಡಿ. ಗೌರವದಿಂದ, ಬಹುವಚನದಲ್ಲಿ, ಡಾಕ್ಟರು ಹೇಳುವಂತೆ.

ಕೆಳಗಿನ ರಸ್ತೆಯ ಕ್ಲಿನಿಕ್ಕಿಗೆ ಹೋದೆವು. ಮೇಲಿನ ಅಂಕಿ 164 ಇತ್ತು. ಇವತ್ತಿನ ಗುಳಿಗೆ ಈಗಲೇ ನುಂಗಲಿ, ತಪ್ಪಿದ್ದಕ್ಕೆಂದು ಎರಡು ಮೂರು ಸೇರಿಸಿ ನುಂಗಬಾರದು, ನಾಳೆ ಮತ್ತೆ ತೋರಿಸಿ ಎಂದರು ಡಾಕ್ಟರು. ಯಾಕೆ ತಪ್ಪಿತು ಎಂದು ಕೇಳಿದರು. ನಾನು ಮರಾಠಿಯಲ್ಲಿ ಏನೋ ಹೇಳಿದೆ, ಪ್ರಯಾಣ, ಹಬ್ಬ, ಹೊಸ ಜಾಗ ಎಂದು. ನಿಜ ಹೇಳಲು ಬಾಯಿ ಬರಲಿಲ್ಲ. ಶುಕ್ರವಾರ, ಶನಿವಾರ ನೋಡಿಸಿದೆವು, ಇಳಿಯುತ್ತ ಬಂತು. ಅನಾಹುತವೇನೂ ಆಗಲಿಲ್ಲ. ಅವ್ವ ಊರಲ್ಲಿ ಒಬ್ಬಳೇ ಇದ್ದು, ಪಟ್ಟಿ ಎಣಿಸುವವರು ಇರದಿದ್ದರೆ ಎಂದು ಯೋಚಿಸಿ ಎರಡು ರಾತ್ರಿ ನಿದ್ದೆ ಬರಲಿಲ್ಲ.

*

ಶುಕ್ರವಾರ ರಾತ್ರಿ ಹಳೆಯ ಕಡತ ಹುಡುಕಿ ತೆಗೆದೆ. ನಾನು ಮಾಡುವ ಕೆಲಸ ಹೇಗಿರುತ್ತದೆಂದು ಇಲ್ಲಿ ಹೇಳಿದರೆ ತಪ್ಪು ಎಲ್ಲಿ ಹುಟ್ಟಿತೆಂದು ತಿಳಿಯುತ್ತದೆ.

ಆ್ಯಪ್‌ನ ಮಾತುಗಳೆಲ್ಲ ಒಂದು ಉದ್ದನೆಯ ಪಟ್ಟಿಯಾಗಿ ಬರುತ್ತವೆ. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ. ಪರದೆಯ ಚಿತ್ರ ಇರುವುದಿಲ್ಲ. ಯಾವ ಮಾತಿನ ಪಕ್ಕ ಯಾವ ಮಾತು ಬರುತ್ತದೆ ಎಂಬುದು ಗೊತ್ತಿರುವುದಿಲ್ಲ. ‘ಓಪನ್’ ಎಂದಿದ್ದರೆ ತೆರೆಯುವುದೋ, ಈಗಾಗಲೇ ತೆರೆದಿರುವುದೋ? ‘ಬುಕ್’ ಎಂದರೆ ಪುಸ್ತಕವೋ, ಸೀಟು ಕಾದಿರಿಸುವುದೋ? ಊಹಿಸಬೇಕು. ಹಣ ಇಂಗ್ಲಿಷ್ ಪದದ ಲೆಕ್ಕದಲ್ಲಿ. ಆಗ ನನಗೆ ಸಿಗುತ್ತಿದ್ದದ್ದು ಪದಕ್ಕೆ ಒಂದೂವರೆ ರೂಪಾಯಿ. ಒಮ್ಮೆ ಅನುವಾದಿಸಿದ ಮಾತು ಅದೇ ಕಡತದಲ್ಲಿ ಮತ್ತೆ ಬಂದರೆ ಸಾಫ್ಟ್‌ವೇರು ಹಳೆಯದನ್ನೇ ತುಂಬಿಬಿಡುತ್ತದೆ, ಅದಕ್ಕೆ ಹಣವೂ ಇಲ್ಲ.

‘ಸ್ಕಿಪ್’ ಮೊದಲು ಬಂದದ್ದು 12ನೇ ಸಾಲಿನಲ್ಲಿ. ಅದು ಆ್ಯಪ್ ಹೊಸದಾಗಿ ತೆರೆದಾಗ ಬರುವ ಪರಿಚಯದ ಪುಟಗಳನ್ನು ದಾಟಿ ಹೋಗುವ ಬಟನ್. ಅಲ್ಲಿ ‘ಬಿಟ್ಟುಬಿಡಿ’ ಎಂದರೆ ನಡೆಯುತ್ತದೆ. ಎರಡನೇ ಸಲ ಬಂದದ್ದು 352ನೇ ಸಾಲಿನಲ್ಲಿ, ಗುಳಿಗೆಯ ಪರದೆಗೆ. ಅದನ್ನು ನಾನು ಅನುವಾದಿಸಲೇ ಇಲ್ಲ. ಸಾಫ್ಟ್‌ವೇರು ತುಂಬಿತ್ತು, ನಾನು ಮುಂದೆ ಹೋಗಿದ್ದೆ. ‘ಈ ಡೋಸ್‌ನ ಸಮಯ ಮೀರಿದೆ’ ಎನ್ನುವುದು ಬೇರೆಲ್ಲೋ ಇತ್ತು. ಅವೆರಡು ಒಂದರ ಕೆಳಗೊಂದು ಕೂರುತ್ತವೆಂದು ನನಗೆ ಹೇಳಿದವರಿಲ್ಲ; ನಾನು ಕೇಳಿದವಳೂ ಅಲ್ಲ.

ಆದರೆ ಎಲ್ಲವನ್ನೂ ಕಡತದ ಮೇಲೆ ಹಾಕಿ ಪಾರಾಗುವ ಹಾಗಿಲ್ಲ. ಇದರಲ್ಲಿ ಭಾಷೆಯದ್ದೇ ಒಂದು ತೊಡಕಿದೆ. ಎಂಎ ಮಾಡಿದವಳಿಗೆ ಅದು ಕಾಣಬೇಕಿತ್ತು.

ಇಂಗ್ಲಿಷಿನಲ್ಲಿ ‘ಸ್ಕಿಪ್’, ‘ಡಿಲೀಟ್’, ‘ಅಲೋ’ ಎನ್ನುವವು ಬೋಳು ಧಾತುಗಳು. ಅವನ್ನು ಯಾರು ಯಾರಿಗೆ ಹೇಳುತ್ತಿದ್ದಾರೆಂದು ಪದದಲ್ಲಿ ಇಲ್ಲ. ನಾನು ಫೋನಿಗೆ ಹೇಳುತ್ತಿದ್ದೇನೆ ಎಂದುಕೊಳ್ಳಬಹುದು, ಅದು ಆ ಕೆಲಸದ ಹೆಸರು ಎಂದುಕೊಳ್ಳಬಹುದು. ಕನ್ನಡದಲ್ಲಿ ಆ ಮುಚ್ಚುಮರೆ ಇಲ್ಲ. ‘ಅಳಿಸು’ ಎಂದರೆ ಎದುರಿರುವುದಕ್ಕೆ ಏಕವಚನದ ಅಪ್ಪಣೆ. ಹಾಗಿದ್ದರೆ ನಾನು ಫೋನಿಗೆ ಹೇಳುತ್ತಿದ್ದೇನೆ. ‘ಅಳಿಸಿ’ ಎಂದರೆ ಬಹುವಚನ, ಗೌರವ. ಹಾಗಿದ್ದರೆ ಫೋನು ನನಗೆ ಹೇಳುತ್ತಿದೆ. ಫೋನು ಬಳಸುವವರನ್ನು ಏಕವಚನದಲ್ಲಿ ಕರೆದಂತಾಗಬಾರದೆಂದು ನಾವೆಲ್ಲ ‘ಅಳಿಸಿ’, ‘ಉಳಿಸಿ’, ‘ಅನುಮತಿಸಿ’, ‘ಬಿಟ್ಟುಬಿಡಿ’ ಎಂದು ಬರೆಯುತ್ತ ಬಂದಿದ್ದೇವೆ. ಮರ್ಯಾದೆ ಉಳಿಯಿತು. ಆದರೆ ಪ್ರತಿ ಬಟನ್ನೂ ಫೋನು ನಮಗೆ ಕೊಡುವ ಸಲಹೆಯಾಯಿತು. ‘ಅನುಮತಿಸಬೇಡಿ’ ಎಂಬ ಬಟನ್ ನೋಡಿ. ಇಂಗ್ಲಿಷಿನಲ್ಲಿ ಅದು ಒಂದು ಆಯ್ಕೆ. ಕನ್ನಡದಲ್ಲಿ ಯಾರೋ ಹಿರಿಯರು ಬಂದು ಎಚ್ಚರಿಸಿದ ಹಾಗೆ. ನಾವು ಇಂಗ್ಲಿಷ್ ಬಲ್ಲವರು ಅದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ಓದುತ್ತೇವೆ, ಹಾಗಾಗಿ ಎಡವುವುದಿಲ್ಲ. ಎಡವುವುದು ಕನ್ನಡವನ್ನು ಕನ್ನಡವೆಂದೇ ಓದುವವರು. ಯಾರಿಗಾಗಿ ಮಾಡಿದ್ದೆವೋ ಅವರು.

ಇಂಥವು ಇನ್ನೂ ಇವೆ. ನಮ್ಮ ವಿಭಕ್ತಿಯನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ವಾಕ್ಯದಲ್ಲಿ ಒಂದು ಖಾಲಿ ಜಾಗ ಬಿಟ್ಟು ಅಲ್ಲಿ ಯಾವ ಹೆಸರು ಬಂದರೂ ತೂರಿಸಬಹುದು. ಕನ್ನಡದಲ್ಲಿ ರವಿಗೆ, ಗುರುವಿಗೆ, ಅಮ್ಮನಿಗೆ, ಮರಕ್ಕೆ: ಹೆಸರು ನೋಡಿ ಪ್ರತ್ಯಯ ಬದಲಾಗುತ್ತದೆ, ಯಂತ್ರಕ್ಕೆ ಅದು ತಿಳಿಯದು. ಆದ್ದರಿಂದ ನಾವು ಕಂಡುಕೊಂಡ ಉಪಾಯ ‘ಅವರಿಗೆ’ ಎಂಬ ಊರುಗೋಲು. ‘ರವಿ ಅವರಿಗೆ’, ‘ಅವ್ವ ಅವರಿಗೆ’. ಬಂದನು, ಬಂದಳು ಎಂಬ ಲಿಂಗದ ತಂಟೆಯನ್ನೂ ಅದೇ ‘ಅವರು’ ತಪ್ಪಿಸುತ್ತದೆ. ಗುಂಪಿಗೆ ‘ಮನೆ’ ಎಂದು ಹೆಸರಿಟ್ಟರೆ ‘ಮನೆ ಅವರಿಗೆ ಕಳಿಸಲಾಗಿದೆ’ ಎಂದು ಬರುವುದು ಇದರಿಂದ. ಹಾಗೆಂದು ಯಾರೂ ಯೋಚಿಸಿಯೇ ಇಲ್ಲವೆಂದಲ್ಲ. ಯೂನಿಕೋಡ್ ಒಕ್ಕೂಟದವರು ಜಗತ್ತಿನ ಭಾಷೆಗಳ ಇಂಥ ನಿಯಮಗಳ ಒಂದು ಭಂಡಾರ ಇಟ್ಟಿದ್ದಾರೆ. ಅದರಲ್ಲಿ ಕನ್ನಡದ ಸೊನ್ನೆ ಏಕವಚನದ ಗುಂಪಿಗೆ ಸೇರಿದೆ, ಇಂಗ್ಲಿಷಿನ ಸೊನ್ನೆ ಬಹುವಚನಕ್ಕೆ. ‘0 ಸಂದೇಶ’ ಎಂದರೆ ಸಾಕು, ‘0 ಸಂದೇಶಗಳು’ ಬೇಡ ಎಂದು ಯಾರೋ ಕೂತು ಯೋಚಿಸಿದ್ದಾರೆ. ಸೊನ್ನೆಯ ಬಗ್ಗೆ ಅಷ್ಟು ಯೋಚಿಸಿದವರಿದ್ದಾರೆ. ಗುಳಿಗೆಯ ಬಟನ್ ಬಗ್ಗೆ ಯೋಚಿಸಬೇಕಾಗಿದ್ದವಳು ನಾನು.

*

ಶನಿವಾರ ಬೆಳಿಗ್ಗೆ ಅವ್ವನಿಗೆ ಹೇಳಿದೆ. ‘ಬಿಟ್ಟುಬಿಡಿ’ ಬರೆದದ್ದು ನಾನೇ ಎಂದು.

ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಬೈಯುತ್ತಾಳೆಂದುಕೊಂಡೆ. “ಹಂಗಾರ ನೀನ ಹೇಳಿದಂಗ ಆತಲ್ಲ, ನಾ ತಿಳಕೊಂಡಿದ್ದು ಖರೇನ” ಎಂದು ನಕ್ಕಳು. ಆಮೇಲೆ ಕೇಳಿದಳು: “ಏನ ಬರೀಬೇಕಾಗಿತ್ತು ಮತ್ತ?”

ಅದೇ ಯೋಚಿಸುತ್ತಿದ್ದೇನೆ ಎಂದೆ. ‘ಈ ಬಾರಿ ಬೇಡ’, ‘ಈ ಡೋಸ್ ದಾಟಿಸು’ ಎಂದು ಒಂದೆರಡು ಹೇಳಿದೆ. ಅವಳಿಗೆ ಸರಿಬರಲಿಲ್ಲ.

“ನುಂಗಿದೆ, ನುಂಗಲಿಲ್ಲ. ಇಷ್ಟ ಹಾಕು. ನಾ ಏನ ಮಾಡೀನಿ ಅಂತ ಅದಕ್ಕ ಹೇಳೂದು ನಾನು. ಅದು ಯಾಕ ನನಗ ಹೇಳಬೇಕು?”

ನನ್ನ ಎರಡು ವರ್ಷದ ಭಾಷಾವಿಜ್ಞಾನ, ಹತ್ತು ವರ್ಷದ ಕಸುಬು ಮುಟ್ಟದ ಜಾಗವನ್ನು ಅವಳು ಹಾಗೆ ಮುಟ್ಟಿದಳು. ಬಟನ್ ಮೇಲಿನ ಮಾತು ಒತ್ತುವವರ ಬಾಯಲ್ಲಿರಬೇಕು. ‘ಅನುಮತಿಸಿ’, ‘ಅನುಮತಿಸಬೇಡಿ’ ಎಂಬಲ್ಲಿ ‘ಆಗಲಿ’, ‘ಬೇಡ’ ಎಂದಿದ್ದರೆ ಯಾರಿಗೆ ಗೊಂದಲ? ಎಲ್ಲ ಬಟನ್ನಿಗೂ ಇದು ಹೊಂದುವುದಿಲ್ಲ, ನನಗೆ ಗೊತ್ತು. ಆದರೆ ಯಾರ ಬಾಯಿ ಎಂದು ಕೇಳದೇ ಬರೆಯುವುದು ಇನ್ನು ನನ್ನಿಂದ ಆಗದು.

ಏಜೆನ್ಸಿಗೆ ಮೇಲ್ ಬರೆದೆ. ನಡೆದದ್ದನ್ನು ಮುಚ್ಚಿಡದೇ ಬರೆದು, ಎರಡು ಸಾಲು ತಿದ್ದಿ ಕಳಿಸಿದೆ, ಹಣ ಬೇಡ ಎಂದೂ ಹೇಳಿದೆ. ಆ ಕೆಲಸದ ಖಾತೆ ಮುಗಿದಿದೆ, ಗ್ರಾಹಕರಿಗೆ ತಿಳಿಸುತ್ತೇವೆ ಎಂದು ಉತ್ತರ ಬಂತು. ಆ್ಯಪ್‌ನವರಿಗೇ ನೇರವಾಗಿಯೂ ಬರೆದೆ. ಇದನ್ನು ಬರೆಯುವ ಹೊತ್ತಿಗೂ ಆ ಪರದೆ ಬದಲಾಗಿಲ್ಲ.

ಹಾಗಾಗಿ ಅವ್ವ ಊರಿಗೆ ಹೊರಡುವ ಮುನ್ನ ಒಂದು ಕೆಲಸ ಮಾಡಬೇಕಾಯಿತು. ಐಫೋನಿನಲ್ಲಿ ಇಡೀ ಫೋನಿಗೆ ಒಂದು ಭಾಷೆ ಇಟ್ಟು, ಒಂದು ಆ್ಯಪ್‌ಗೆ ಮಾತ್ರ ಬೇರೆ ಭಾಷೆ ಆರಿಸಬಹುದು. ಫೋನಿನ ಭಾಷೆ ಕನ್ನಡ ಇರಲೋ, ಇಂಗ್ಲಿಷ್ ಮಾಡಲೋ ಎಂದು ಕೇಳಿದೆ. “ಕನ್ನಡ ಇರಲಿ, ಗೊತ್ತಾಗಾಕ ಹತ್ತೈತಿ” ಎಂದಳು. ಗುಳಿಗೆಯ ಆ್ಯಪ್ ಒಂದನ್ನು ಮಾತ್ರ ಇಂಗ್ಲಿಷಿಗೆ ಹಾಕಿದೆ. ಹಸಿರು ಬಟನ್ ತನ್ನ ಹಳೆಯ ಜಾಗಕ್ಕೆ ಬಂತು. ಅವ್ವನ ಕ್ಷೇಮಕ್ಕಾಗಿ, ಅವಳ ಫೋನಿನಿಂದ ನನ್ನ ಕನ್ನಡವನ್ನು ನಾನೇ ತೆಗೆದೆ.

ಊರಿಗೆ ಹೋದ ಮೇಲೆ ಒಂದು ದಿನ ಫೋನ್ ಮಾಡಿದ್ದಳು. ರೀಚಾರ್ಜ್ ಅಂಗಡಿಗೆ ಹೋಗಿದ್ದಳಂತೆ. ಹುಡುಗ ಫೋನು ಇಸಿದುಕೊಂಡು ತಡಕಾಡಿದನಂತೆ, ಯಾವುದು ಎಲ್ಲಿದೆ ತಿಳಿಯದೇ “ಇದನ್ನ ಯಾಕ ಕನ್ನಡ ಮಾಡೀರಬೇ” ಎಂದನಂತೆ. “ಇಲ್ಲಿ ತಾ, ನಾನ ತಗದು ಕೊಡತೀನಿ ಅಂದೆ” ಎಂದು ಹೇಳುವಾಗ ಅವಳ ದನಿಯಲ್ಲಿದ್ದ ಗತ್ತು ಪುಣೆಯವರೆಗೂ ಕೇಳಿಸಿತು. ಗ್ಯಾಸ್ ಬುಕ್ಕಿಂಗ್, ಬ್ಯಾಂಕು ಇನ್ನೂ ಇಂಗ್ಲಿಷೇ. ಅವುಗಳ ಹೊಸಿಲಿಗೆ ಬಂದು ಕನ್ನಡ ನಿಲ್ಲುತ್ತದೆ, ಅಲ್ಲಿ ಈಗಲೂ ಯಾರನ್ನಾದರೂ ಕೇಳಬೇಕು. ಅದನ್ನೂ ಹೇಳಿದಳು. ಕಡೆಗೆ, “ಉಳಿದದ್ದೆಲ್ಲ ಕನ್ನಡದಾಗ ಐತಿ. ನೀ ಬರದದ್ದು ಒಂದ ನೋಡು ಇಂಗ್ಲೀಷಿನ್ಯಾಗಿರೂದು” ಎಂದಳು.

ನನ್ನ ಫೋನನ್ನೂ ಕನ್ನಡಕ್ಕೆ ಹಾಕಿದ್ದೇನೆ. ನಿಧಾನವಾಗುತ್ತದೆ, ಆಗಾಗ ಸಿಟ್ಟು ಬರುತ್ತದೆ, ಆಫೀಸಿನವರು ಸ್ಕ್ರೀನ್‌ಶಾಟ್ ಕೇಳಿದಾಗ ಪೇಚಾಟ. ಆದರೂ ತೆಗೆದಿಲ್ಲ, ನಾನು ಮಾಡುವ ಕೆಲಸದೊಳಗೆ ನಾನೂ ಸ್ವಲ್ಪ ದಿನ ವಾಸ ಮಾಡಬೇಕೆನಿಸಿದೆ. ಹೊಸ ಕಡತ ಬಂದರೆ, ಚಿಕ್ಕ ಮಾತುಗಳನ್ನೆಲ್ಲ ಬೇರೆ ತೆಗೆದು ರಾತ್ರಿ ಅವ್ವನಿಗೆ ಫೋನಿನಲ್ಲಿ ಓದುತ್ತೇನೆ. ಮೊನ್ನೆ ಒಂದು ಬ್ಯಾಂಕಿನ ಕಡತದ್ದು ಓದುತ್ತಿದ್ದೆ, ‘ಡಿಸ್‌ಮಿಸ್’ ಎಂಬುದಕ್ಕೆ ‘ವಜಾಗೊಳಿಸಿ’ ಎಂದು ಹಳೆಯ ಯಾರೋ ಬರೆದಿದ್ದರು.

“ಯಾರನ್ನ?” ಎಂದಳು ಅವ್ವ.

ಏಜೆನ್ಸಿಗೆ ಅದೇ ಪ್ರಶ್ನೆ ಬರೆದು ಕಳಿಸಿದ್ದೇನೆ. ಈ ಬಟನ್ ಯಾವ ಪರದೆಯಲ್ಲಿ, ಯಾವ ಮಾತಿನ ಕೆಳಗೆ ಬರುತ್ತದೆ, ಒತ್ತಿದರೆ ಏನು ಹೋಗುತ್ತದೆ. ಉತ್ತರ ಬರುವ ತನಕ ಆ ಸಾಲು ಖಾಲಿ ಇದೆ.